ಕಾಸದೆ ಕೊಟ್ಟ ಹಾಲು

ಆಫೀಸಿನಲ್ಲಿ ಯಾವ ಹುಡುಗಿ ಹೆರಿಗೆ ರಜೆ ಮುಗಿಸಿ ಬಂದರೂ ಒಂದೆರಡು ದಿನದಲ್ಲಿ ನನ್ನ ಟೇಬಲ್ಲಿನ ಹತ್ತಿರ ಬಂದು ನಿಲ್ಲುತ್ತಾಳೆ. ಎದೆಹಾಲೋ, ಡಬ್ಬಿ ಹಾಲೋ ಎಂಬ ಪ್ರಶ್ನೆ. ಅಮ್ಮ ಒಂದು ಹೇಳಿರುತ್ತಾಳೆ, ಅತ್ತೆ ಇನ್ನೊಂದು, ಇಂಟರ್ನೆಟ್ಟು ಹತ್ತು. ನನ್ನ ಮಗಳು ಎರಡನ್ನೂ ಕುಡಿದು ಬೆಳೆದವಳು. ಈಗ ನನಗಿಂತ ಎತ್ತರವಾಗಿದ್ದಾಳೆ, ನನ್ನ ಸಮಸಮಕ್ಕೆ ನಿಂತು ಜಗಳವಾಡುತ್ತಾಳೆ. ಆದ್ದರಿಂದ ನಾನು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಕುರ್ಚಿ ಎಳೆದು ಕೂರಿಸಿ ಒಂದೇ ಮಾತು ಕೇಳುತ್ತೇನೆ: ನೀನು ತೆಗೆದಿಟ್ಟು ಬಂದ ಹಾಲನ್ನು ಮನೆಯಲ್ಲಿ ಮಗುವಿಗೆ ಹೇಗೆ ಕೊಡುತ್ತಾರೆ, ಕಣ್ಣಾರೆ ನೋಡಿದ್ದೀಯಾ? ಇಲ್ಲ ಎನ್ನುತ್ತಾಳೆ. ನನ್ನ ಮಗಳು ಕೂಸಾಗಿದ್ದಾಗ ನಾನೂ ನೋಡಿರಲಿಲ್ಲ.

ಅದು ಮಾದಾಪುರದಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಹೋದ ಬೇಸಿಗೆಯಲ್ಲಿ ಹೆಬ್ಬಂಡೆ ಇದ್ದಲ್ಲಿ ಈ ಬೇಸಿಗೆಗೆ ಲಿಫ್ಟು ಓಡಾಡುತ್ತಿತ್ತು. ಅಂಥದೊಂದು ಕಟ್ಟಡದಲ್ಲಿ ಕೂತು ನಾನು ಅಮೆರಿಕದ ಯಾವುದೋ ವಿಮಾ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಮನೆ ಊರಿನ ಇನ್ನೊಂದು ತುದಿಗೆ, ಮಲ್ಕಾಜ್‌ಗಿರಿಯಲ್ಲಿ. ಮಾವನವರು ರೈಲ್ವೆಯಲ್ಲಿದ್ದವರು, ಹುಬ್ಬಳ್ಳಿಯಿಂದ ಸಿಕಂದರಾಬಾದಿಗೆ ವರ್ಗವಾಗಿ ಬಂದು, ಸ್ಟೇಷನ್ನಿಗೆ ಹತ್ತಿರವೆಂದು ಅಲ್ಲೇ ಮನೆ ಕಟ್ಟಿಸಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರಿರಲಿಲ್ಲ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದರೆ ಹುಬ್ಬಳ್ಳಿ.

ಹೆರಿಗೆಯಾದದ್ದು ಬಿಜಾಪುರದ ತವರಿನಲ್ಲಿ. ಅವ್ವ ನನಗೆ ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ ಎಲ್ಲ ತಿನ್ನಿಸಿ, ತಲೆಗೆ ಬಟ್ಟೆ ಕಟ್ಟಿಸಿ, ಲೋಬಾನದ ಹೊಗೆಯಲ್ಲಿ ಕೂರಿಸಿದಳು. ಹಾಲು ಧಾರಾಳವಾಗಿತ್ತು. ಅದು ತನ್ನ ಕೈಗುಣವೆಂದು ಅವ್ವ ಓಣಿಗೆಲ್ಲ ಹೇಳಿಕೊಂಡು ತಿರುಗಿದಳು. ಆಗ ರಜೆ ಇದ್ದದ್ದು ಮೂರು ತಿಂಗಳು ಮಾತ್ರ. ಮಗಳು ನನ್ನ ಮುಖ ನೋಡಿ ನಗುವುದನ್ನು ಕಲಿತಳು ಎನ್ನುವಷ್ಟರಲ್ಲಿ ರಜೆ ಮುಗಿದಿತ್ತು.

ಕೆಲಸ ಬಿಡುವ ಯೋಚನೆ ನನಗೆ ಬಂದಿರಲಿಲ್ಲ. ಸುತ್ತಲಿನವರಿಗೆಲ್ಲ ಬಂದಿತ್ತು. ಅವ್ವನಿಗೆ, ಪಕ್ಕದ ಮನೆಯ ತೆಲುಗು ಆಂಟಿಗೆ, ನಾಮಕರಣಕ್ಕೆ ಬಂದು ಊಟ ಮಾಡಿ ಹೋದ ದೂರದ ನೆಂಟರಿಗೆ ಕೂಡ. ಕೂಸಿಗೆ ಹಾಲು ಕೊಡುವುದು ಬಿಟ್ಟು ಕಂಪ್ಯೂಟರ್ ಕುಟ್ಟುವುದೇನು ಎಂದು ಅವ್ವ ಫೋನಿನಲ್ಲಿ ದಿನಾ ರಾಗ ಎಳೆಯುತ್ತಿದ್ದಳು. ನನ್ನ ಗಂಡ ಒಳ್ಳೆಯ ಮನುಷ್ಯ. ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡು ಎಂದು ಹೇಳಿ ತನ್ನ ಜವಾಬ್ದಾರಿ ಮುಗಿಯಿತೆಂದು ಪೇಪರು ಬಿಡಿಸಿಕೊಂಡ. ನನಗೆ ಎರಡೂ ಬೇಕಾಗಿತ್ತು. ಕೆಲಸವೂ ಬೇಕು, ಮಗಳು ನನ್ನ ಹಾಲು ಕುಡಿಯುವುದೂ ಬೇಕು. ಯಾಕೆ ಎರಡೂ ಆಗಬಾರದು ಎಂದು ಯಾರೂ ನನಗೆ ಸರಿಯಾಗಿ ಬಿಡಿಸಿ ಹೇಳಿರಲಿಲ್ಲ.

ಹಿಮಾಯತ್‌ನಗರದ ಮೆಡಿಕಲ್ ಶಾಪಿನಿಂದ ಹಾಲು ತೆಗೆಯುವ ಒಂದು ಕೈಪಂಪು ತಂದೆ. ತೊಂದರೆ ಪಂಪಿನದಲ್ಲ, ಜಾಗದ್ದು. ಆ ಕಟ್ಟಡ ಕಟ್ಟಿದ ಮಹಾನುಭಾವರಿಗೆ ಗೋಡೆ ಎಂದರೆ ಗಾಜು. ಮೀಟಿಂಗ್ ರೂಮಿಗೆ ಗಾಜು, ಮ್ಯಾನೇಜರ್ ಕ್ಯಾಬಿನ್ನಿಗೆ ಗಾಜು, ಊಟದ ಕೋಣೆಗೂ ಗಾಜು. ಮರೆ ಎನ್ನುವುದು ಇದ್ದದ್ದು ಟಾಯ್ಲೆಟ್ಟಿನಲ್ಲಿ. ಅಲ್ಲಿ ಕೂತು ನನ್ನ ಮಗಳ ಊಟ ತಯಾರಿಸಲು ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹುಡುಕಿ ಹುಡುಕಿ ಕಡೆಗೆ ಒಂದು ಕೋಣೆ ಸಿಕ್ಕಿತು. ತೆಳ್ಳನೆಯ ಪರದೆಗಳು ಬಂದ ಮೇಲೆ ಮೂಲೆಗೆ ತಳ್ಳಿದ್ದ ಹಳೆಯ ಡುಬ್ಬ ಮಾನಿಟರುಗಳನ್ನು ಸೂರಿನ ತನಕ ಪೇರಿಸಿಟ್ಟಿದ್ದ ಕೋಣೆ. ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಕುರ್ಚಿಯನ್ನು ಬಾಗಿಲಿಗೆ ಒತ್ತಿಟ್ಟು, ನಾನೇ ಅದರ ಮೇಲೆ ಭಾರ ಹಾಕಿ ಕೂರುತ್ತಿದ್ದೆ. ಸತ್ತ ಮಾನಿಟರುಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ತೆಗೆದ ಹಾಲನ್ನು ಪುಟ್ಟ ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ಕಪ್ಪು ಕವರಿನಲ್ಲಿ ಸುತ್ತಿ, ಮೇಲೆ ಔಷಧಿ ಎಂದು ಬರೆದು ಪ್ಯಾಂಟ್ರಿಯ ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಸಂಜೆ ಐಸು ತುಂಬಿದ ಥರ್ಮಾಸಿನಲ್ಲಿ ಮನೆಗೆ ತರುವುದು, ಮಾರನೆಯ ದಿನ ನಾನಿಲ್ಲದಾಗ ಅತ್ತೆ ಅದನ್ನು ಕೂಸಿಗೆ ಕುಡಿಸುವುದು. ಇದು ನನ್ನ ಯೋಜನೆ. ಕಂಪನಿಗೆ ಬರೆದುಕೊಟ್ಟ ಎಷ್ಟೋ ಯೋಜನೆಗಳಿಗಿಂತ ಇದು ಚೆನ್ನಾಗಿತ್ತು.

ಕಂಪನಿಯ ಕ್ಯಾಬ್‌ನಲ್ಲಿ ಆಫೀಸಿಗೆ ಹೋಗುವಾಗ ಕಟ್ಟುತ್ತಿರುವ ಒಂದು ಟವರಿನ ಮುಂದೆ ಟ್ರಾಫಿಕ್ಕಿಗೆ ಗಾಡಿ ನಿಲ್ಲುತ್ತಿತ್ತು. ಕೆಲಸದವರು ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯವರು, ಕಿಟಕಿ ಇಳಿಸಿದರೆ ನಮ್ಮ ಮಾತು ಕಿವಿಗೆ ಬೀಳುತ್ತಿತ್ತು. ಅಲ್ಲೊಬ್ಬಳು ಮರಳಿನ ಗುಡ್ಡೆಯ ನೆರಳಿಗೆ ಕೂತು, ಸೆರಗು ಮರೆಮಾಡಿ ಕೂಸಿಗೆ ಹಾಲೂಡಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅವಳ ಕೂಸು ಹಾಲಿನ ಜೊತೆ ಸಿಮೆಂಟಿನ ಧೂಳನ್ನೂ ಕುಡಿಯುತ್ತಿತ್ತು ಎಂಬುದೂ ನನಗೆ ಕಾಣುತ್ತಿತ್ತು. ಆದರೂ ಅವಳ ಕೂಸು ಅವಳ ತೊಡೆಯ ಮೇಲಿತ್ತು.

ಇನ್ನು ಅತ್ತೆ. ಅವರು ಡಬ್ಬಿ ಹಾಲಿನ ಕಟ್ಟಾ ಪಕ್ಷದವರು. ಹಳೆಯ ಕಾಲದವರು ಎದೆಹಾಲಿನ ಕಡೆ, ಹೊಸ ಕಾಲದವರು ಪುಡಿಯ ಕಡೆ ಎಂದು ಜನ ತಿಳಿಯುತ್ತಾರೆ. ನಮ್ಮ ಮನೆಯಲ್ಲಿ ತಿರುವುಮುರುವು. ನನ್ನ ಗಂಡ ಕೂಸಾಗಿದ್ದಾಗ ಅತ್ತೆಗೆ ವಿಷಮಜ್ವರ ಬಂದು ಹಾಲು ಬತ್ತಿಹೋಗಿ, ಅವನು ಹಾಲಿನ ಪುಡಿಯ ಮೇಲೇ ಬೆಳೆದವನು. ಅವತ್ತಿನ ಒಂದು ಡಬ್ಬಿ, ಹೆಸರು ಅಳಿಸಿಹೋಗಿ ಬರೀ ತಗಡಾಗಿ, ಅತ್ತೆಯ ಅಡುಗೆಮನೆಯಲ್ಲಿ ಇನ್ನೂ ಸಾಸಿವೆ ತುಂಬಿಕೊಂಡು ಕೂತಿತ್ತು. ಒಗ್ಗರಣೆಗೆ ಸಾಸಿವೆ ತೆಗೆಯುವಾಗೊಮ್ಮೆ ಅವರಿಗೆ ಆ ಕಾಲದ ನೆನಪು.

“ನನ್ನ ಮಗ ಡಬ್ಬಿ ಹಾಲ ಕುಡದ ಬೆಳದಾನ. ಏನ್ ಕಡಿಮಿ ಆಗೇತಿ ಅವಗ?” ಎನ್ನುತ್ತಿದ್ದರು.

ಕಡಿಮೆಯಾದದ್ದು ಏನೆಂದು ಹೆಂಡತಿಯನ್ನು ಕೇಳಬೇಕು, ತಾಯಿಯನ್ನಲ್ಲ. ಆದರೆ ಒಂದು ಮಾತು ಹೇಳಬೇಕು. ನಾನು ನನ್ನ ಹಾಲನ್ನೇ ಕೊಡಬೇಕು ಎಂದಾಗ ಅತ್ತೆ ವಾದ ಮಾಡಲಿಲ್ಲ. ಕೂಸು ನಿನ್ನದು, ಹಾಲು ನಿನ್ನದು ಎಂದು ಫ್ರಿಜ್ಜಿನ ಮೇಲಿನ ಅಂಕಣದಲ್ಲಿ ಮೊಸರಿನ ಗಡಿಗೆ ಸರಿಸಿ ನನ್ನ ಡಬ್ಬಿಗೆ ಜಾಗ ಮಾಡಿಕೊಟ್ಟರು. ಕುಡಿಸುವುದಕ್ಕೆ ಬೆಳ್ಳಿಯ ಒಳಲೆಯನ್ನು ತಿಕ್ಕಿ ಹೊಳೆಯಿಸಿಟ್ಟರು. ಬಾಟಲಿ ಅವರಿಗೆ ಬೇಡ. ಕೂಸಿಗೆ ಒಳಲೆಯಿಂದ ಹಾಲು ಹಾಕುವುದರಲ್ಲಿ ಅವರ ಕೈ ಪಳಗಿತ್ತು.

ಆದರೆ ಮಗಳು ಕುಡಿಯಲಿಲ್ಲ. ಬೆಳಿಗ್ಗೆ ನಾನು ಹೊರಡುವ ಮುಂಚೆ, ಸಂಜೆ ನಾನು ಬಂದ ಕೂಡಲೇ, ನನ್ನ ಎದೆಗೆ ಬಾಯಿಟ್ಟರೆ ಉಸಿರು ತೆಗೆದುಕೊಳ್ಳುವುದಕ್ಕೂ ಪುರುಸೊತ್ತಿಲ್ಲದಂತೆ ಕುಡಿಯುತ್ತಿದ್ದವಳು, ಮಧ್ಯಾಹ್ನ ಅತ್ತೆ ಅದೇ ಹಾಲನ್ನು ಒಳಲೆಯಲ್ಲಿ ಹಾಕಿದರೆ ಮುಖ ತಿರುವುತ್ತಾಳೆ, ಉಗುಳುತ್ತಾಳೆ, ಅಳುತ್ತಾಳೆ. ಸಂಜೆ ಅತ್ತೆ ಹೇಳುವುದು ದಿನಾ ಅದೇ ಪಾಡು. ಕೂಸು ಹಸಿದಿರುವುದನ್ನು ನೋಡಲಾಗದೆ ನಾನೇ ಅಂಗಡಿಗೆ ಹೋಗಿ ಪುಡಿಯ ಡಬ್ಬಿ ತಂದೆ. ಅದನ್ನು ಕಲಸಿ ಹಾಕಿದರೆ ಗಟಗಟ ಕುಡಿದು ಚಪ್ಪರಿಸಿದಳು.

ನನಗೆ ಪುಡಿಯ ಮೇಲೆ ಸಿಟ್ಟಿರಲಿಲ್ಲ. ಅದು ನನ್ನ ಕೂಸಿನ ಹೊಟ್ಟೆ ತುಂಬಿಸಿತು, ಅದರ ಋಣ ದೊಡ್ಡದು. ದುಃಖವಾದದ್ದು ಬೇರೆ ಕಾರಣಕ್ಕೆ. ನನ್ನ ಮಗಳಿಗೆ ನನ್ನ ಹಾಲು ಬೇಡವಾಗಿದೆ ಎನ್ನುವುದು ಎಲ್ಲೋ ಒಳಗೆ ಚುಚ್ಚಿ ಕೂತಿತು. ಆ ಮಾನಿಟರುಗಳ ನಡುವೆ ಕೂತು ತೆಗೆದ ಹಾಲು ಮನೆಯ ಬಚ್ಚಲಿಗೆ ಹೋಗುತ್ತಿತ್ತು. ಎಲ್ಲರ ಬಳಿಯೂ ಕಾರಣವಿತ್ತು. ಫ್ರಿಜ್ಜಿನ ಹಾಲು ಕೂಸಿಗೆ ಸೇರುವುದಿಲ್ಲ ಎಂದು ಪಕ್ಕದ ಆಂಟಿ. ಆಫೀಸಿನವರ ದೃಷ್ಟಿ ತಗುಲಿದೆ ಎಂದು ಅವ್ವ. ಕೆಲವು ಮಕ್ಕಳು ಹಾಗೆಯೇ ಎಂದು ಡಾಕ್ಟರಮ್ಮ. ಕಾರಣ ಬೇರೆ ಬೇರೆಯಾದರೂ ತೀರ್ಪು ಒಂದೇ ಕಡೆಗೆ ಬಂದು ನಿಲ್ಲುತ್ತಿತ್ತು: ಕೆಲಸ ಬಿಡು, ಇಲ್ಲ ಹಾಲು ಬಿಡು.

ಅದೇ ಹೊತ್ತಿಗೆ ಮ್ಯಾನೇಜರು ನನ್ನನ್ನು ಕರೆದು ಒಂದು ಹೊಸ ಪ್ರಾಜೆಕ್ಟಿನ ಮಾತೆತ್ತಿದರು. ದೊಡ್ಡ ಪ್ರಾಜೆಕ್ಟು, ತಂಡವನ್ನು ನಡೆಸುವ ಕೆಲಸ, ನಾನು ವರ್ಷಗಟ್ಟಲೆ ಕಾದಿದ್ದ ಕೆಲಸ. ಚಿಕ್ಕ ಕೂಸಿದೆ, ಬೇಕಾದರೆ ಬೇಡವೆನ್ನಿ, ತಿಂಗಳ ಕೊನೆಯೊಳಗೆ ಹೇಳಿದರೆ ಸಾಕು ಎಂದರು. ಮರ್ಯಾದೆಯಿಂದಲೇ ಹೇಳಿದರು. ಬೇಡವೆನ್ನುವುದನ್ನು ಇಷ್ಟು ಸುಲಭ ಮಾಡಿಕೊಟ್ಟದ್ದಕ್ಕೇ ನನಗೆ ರೇಗಿತು. ಆದರೆ ಮನೆಗೆ ಬಂದು ಉಗುಳಿದ ಹಾಲಿನ ಕಲೆಯಿರುವ ದುಪಟಿಯನ್ನು ನೋಡಿದಾಗ, ಮೊದಲ ಸಲ, ಬೇಡ ಎಂದುಬಿಡೋಣವೇ ಅನ್ನಿಸಿತು.

ತಿಂಗಳು ಮುಗಿಯುತ್ತ ಬಂದಿದ್ದಾಗ ಒಂದು ದಿನ ನಗರದಲ್ಲಿ ಬಂದ್ ಆಯಿತು. ಆ ವರ್ಷಗಳಲ್ಲಿ ಬಂದ್ ಏನೂ ಅಪರೂಪವಲ್ಲ. ರಸ್ತೆಯಲ್ಲಿ ಗಲಾಟೆ ಶುರುವಾಗುವ ಮುಂಚೆ ಮನೆ ಸೇರಿಕೊಳ್ಳಿ ಎಂದು ಕಂಪನಿಯವರು ಮಧ್ಯಾಹ್ನಕ್ಕೆ ಮುಂಚೆಯೇ ನಮ್ಮನ್ನು ಕ್ಯಾಬ್‌ನಲ್ಲಿ ತುಂಬಿ ಕಳಿಸಿದರು. ಹೀಗಾಗಿ ಕೂಸಿಗೆ ತೆಗೆದಿಟ್ಟ ಹಾಲು ಕೊಡುವ ಹೊತ್ತಿಗೆ, ಕೆಲಸಕ್ಕೆ ಮರಳಿದ ಮೇಲೆ ಮೊದಲ ಬಾರಿ, ನಾನು ಮನೆಯಲ್ಲಿದ್ದೆ. ರಜೆಯ ದಿನಗಳಲ್ಲಿ ಅವಳು ನನ್ನ ಎದೆಯಿಂದಲೇ ಕುಡಿಯುತ್ತಿದ್ದಳು.

ಕೂಸು ತೊಟ್ಟಿಲಲ್ಲಿ ಕುಂಯ್‌ಗುಡುತ್ತಿತ್ತು. ಅಡುಗೆಮನೆಗೆ ಹೋದರೆ ಅತ್ತೆ ಒಲೆಯ ಮುಂದೆ ನಿಂತಿದ್ದರು. ಒಲೆಯ ಮೇಲೆ ಚಹಾ ಮಾಡುವ ಚಿಕ್ಕ ಪಾತೇಲಿ. ಪಕ್ಕದಲ್ಲಿ ಬಾಯಿ ತೆರೆದು ಖಾಲಿಯಾಗಿ ಕೂತ ನನ್ನ ಸ್ಟೀಲಿನ ಡಬ್ಬಿ. ಪಾತೇಲಿಯಲ್ಲಿ ಹಾಲು ಬುರುಬುರು ಕುದಿಯುತ್ತಿತ್ತು, ಅಂಚಿಗೆಲ್ಲ ಕಂದು ಬಣ್ಣ ಹಿಡಿದಿತ್ತು, ಸೀದ ವಾಸನೆ. ಅತ್ತೆ ಉರಿ ತಗ್ಗಿಸಿ, ಊದಿ, ಮತ್ತೆ ಹೆಚ್ಚಿಸುತ್ತಿದ್ದರು. ಅವರ ಅಡುಗೆಮನೆಯ ಕಾನೂನು ನನಗೆ ಗೊತ್ತಿತ್ತು: ಹೊಸ್ತಿಲು ದಾಟಿ ಬಂದ ಯಾವ ಹಾಲಾದರೂ ಮೂರು ಸಲ ಉಕ್ಕಬೇಕು, ಆಮೇಲೆ ಬಾಯಿಗೆ.

“ಏನ್ ಮಾಡಾಕತ್ತೀರಿ ಅತ್ತಿ?”

“ಹಾಲ ಕಾಸಾಕತ್ತೀನಿ. ತಡಿ, ಇನ್ನೊಂದ ಉಕ್ಕ ಬರಬೇಕ.”

“ಅದು ನನ್ನ ಹಾಲ್ರಿ!”

“ಹೌದಲ್ಲವಾ. ಹಸೀದು ಹೆಂಗ ಹಾಕಲಿ ಕೂಸಿಗೆ?”

ಅಷ್ಟು ದಿನದ ಮಾನಿಟರು ಕೋಣೆ, ಐಸು, ಥರ್ಮಾಸು, ಬಚ್ಚಲು ಪಾಲಾದ ಹಾಲು ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಒಂದು ಚಮಚೆ ಬಾಯಿಗೆ ಹಾಕಿಕೊಂಡು ನೋಡಿದೆ. ಆ ರುಚಿಗೆ ನಾನೇ ಮುಖ ತಿರುವಿದೆ. ನನ್ನ ಮಗಳು ನನ್ನ ಹಾಲನ್ನು ಬೇಡವೆಂದಿರಲೇ ಇಲ್ಲ. ನನ್ನ ಹಾಲು ಅವಳ ಬಾಯಿಯ ತನಕ ತಲುಪಿರಲೇ ಇಲ್ಲ. ಸಂತೋಷವೂ ಸಿಟ್ಟೂ ಸೇರಿ ನನ್ನ ದನಿ ಏರಿತು. ಕೂಸು ನನ್ನ ಎದೆಯಿಂದ ಕುಡಿಯುವಾಗ ಅದನ್ನು ಯಾರು ಕಾಸುತ್ತಾರೆ ಎಂದು ಕೇಳಿದೆ.

ಅತ್ತೆ ಒಲೆ ಆರಿಸಿ ನನ್ನ ಕಡೆ ತಿರುಗಿದರು. “ಕೂಸು ಕುಡಿಯೂವಾಗ ಅದು ಹಾಲಲ್ಲವಾ, ಅದು ನೀನ. ಡಬ್ಬ್ಯಾಗ ಬಂದ ಮ್ಯಾಲ ಹಾಲು.”

ನಾನು ಪಾತೇಲಿಯನ್ನು ಒಲೆಯಿಂದ ಇಳಿಸಿ, ಅಡುಗೆಮನೆಯ ಕಟ್ಟೆಗೆ ಒರಗಿ ನೆಲದ ಮೇಲೆ ಕೂತೆ. ಅತ್ತೆ ತೊಟ್ಟಿಲಿನಿಂದ ಕೂಸನ್ನು ಎತ್ತಿ ತಂದು ನನ್ನ ಮಡಿಲಿಗೆ ಹಾಕಿದರು. ಅವಳು ಕುಡಿಯತೊಡಗಿದ ಮೇಲೆ ಎದುರಿಗೆ ನೆಲದ ಮೇಲೆ ಕೂತು, ನಾನು ಕೇಳದೆಯೇ ಹೇಳತೊಡಗಿದರು.

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗಿನ ಮಾತು. ಬೇಸಿಗೆ, ಮನೆ ತುಂಬ ನೆಂಟರು. ಮಗ ಹಸಿವಿಗೆ ಕಿರುಚುತ್ತಿದ್ದಾನೆ. ಕುದಿಸಿ ಆರಿಸಿದ ನೀರು ಮುಗಿದಿತ್ತು. ಒಂದು ಸಲಕ್ಕೆ ಏನಾಗುತ್ತದೆ ಎಂದು ಬಿಂದಿಗೆಯ ನೀರಿನಲ್ಲೇ ಪುಡಿ ಕಲಸಿ ಕುಡಿಸಿದರು. ಸಂಜೆಗೆ ವಾಂತಿ, ಭೇದಿ. ಆಸ್ಪತ್ರೆಯಲ್ಲಿ ಕೂಸಿನ ಕೈಗೆ ಸಲೈನು ಚುಚ್ಚುವುದಕ್ಕೆ ನರ ಸಿಗದೆ ತಲೆಗೆ ಚುಚ್ಚಿದರು. ಹುಡುಗ ಉಳಿದ. ಆದರೆ ಆಸ್ಪತ್ರೆಯ ವರಾಂಡದಲ್ಲಿ, ನೆಂಟರೆಲ್ಲರ ಮುಂದೆ, ಅವರ ಅತ್ತೆ ಒಂದು ಮಾತು ಹೇಳಿದರು: ಎದೆಯಲ್ಲಿ ಹಾಲಿಲ್ಲದವಳಿಗೆ ಕೂಸು ಯಾಕೆ ಬೇಕಿತ್ತು?

“ಅವತ್ತಿಂದ ಕಾಸಲಾರದ್ದು ಏನೂ ಕೂಸಿನ ಬಾಯಿಗೆ ನಾ ಹಾಕಿಲ್ಲ,” ಎಂದರು ಅತ್ತೆ. “ನಿನ್ನ ಕೂಸಿಗೆ ಏನರ ಆದ್ರ ನಾ ಯಾರಿಗೆ ಮುಖ ತೋರಸಲಿ?”

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಡಬ್ಬಿ ಹಾಲಿನ ಪರವಾಗಿ ಅವರು ಅಷ್ಟು ಜೋರಾಗಿ ಮಾತಾಡುತ್ತಿದ್ದದ್ದು ಯಾರಿಗೆ ಎಂದು ಆಗ ಅರ್ಥವಾಯಿತು. ನನಗಲ್ಲ, ಆ ವರಾಂಡದಲ್ಲಿ ನಿಂತಿದ್ದವರಿಗೆ. ಅತ್ತೆಯ ಮೇಲೆ ನನಗೆ ಅವತ್ತು ಬಂದ ಪ್ರೀತಿ ಮತ್ತೆ ಹೋಗಲಿಲ್ಲ. ಆಮೇಲೂ ನಾವು ಬೇಕಾದಷ್ಟು ಜಗಳವಾಡಿದೆವು, ಅದು ಬೇರೆ.

ಆದರೆ ಪ್ರೀತಿ ಬಂದ ಮಾತ್ರಕ್ಕೆ ಹಾಲು ಕುದಿಸಲು ಬಿಡಲಾಗುತ್ತದೆಯೇ? ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಅವರು ನಕ್ಕು, ಕುದಿಸಬಾರದು, ಬಿಸಿನೀರಿನಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು ಎಂದು ಅತ್ತೆಗೇ ತೆಲುಗಿನಲ್ಲಿ ಹೇಳಿದರು. ಅತ್ತೆ ಸರೇನಂಡಿ, ಸರೇನಂಡಿ ಎಂದು ತಲೆಯಾಡಿಸಿ ಫೋನಿಟ್ಟು, ಆಕೆಗೆ ಮಕ್ಕಳಿದ್ದಾರೋ ಇಲ್ಲವೋ ಎಂದು ನನ್ನನ್ನು ಕೇಳಿದರು. ಆಗ ನಾನು ಒಂದು ಒಪ್ಪಂದಕ್ಕೆ ಬಂದೆ. ಕುದಿಸುವುದೆಲ್ಲ ನಿಮ್ಮದು, ಹಾಲು ಮಾತ್ರ ನನ್ನದು. ಒಳಲೆ ಕುದಿಸಿ, ಚಮಚೆ ಕುದಿಸಿ, ಸ್ಟೀಲಿನ ಡಬ್ಬಿ, ಅದರ ಮುಚ್ಚಳ, ಪಂಪಿನ ಭಾಗಗಳನ್ನೆಲ್ಲ ನಿಮಗೆ ತೃಪ್ತಿಯಾಗುವ ತನಕ ಕುದಿಸಿ. ನೀರು ಎಷ್ಟು ಸಲವಾದರೂ ಮರಳಲಿ. ಹಾಲಿನ ಡಬ್ಬಿಯನ್ನು ಮಾತ್ರ, ಒಲೆ ಆರಿಸಿದ ಮೇಲೆ, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ. ಅತ್ತೆ ಬಹಳ ಯೋಚಿಸಿ ಒಪ್ಪಿದರು. ಒಪ್ಪಿದ್ದು ಬಾಯಿ, ಮುಖವಲ್ಲ.

ಮುಂದೆ ಮಗಳು ಕುಳಿತು ಆಡುವ ಹೊತ್ತಿಗೆ ನನ್ನ ಹಾಲು ಕಡಿಮೆಯಾಯಿತು, ಪುಡಿಯ ಡಬ್ಬಿ ಮತ್ತೆ ಕಪಾಟಿನಿಂದ ಕೆಳಗಿಳಿಯಿತು. ನಾನು ಅದಕ್ಕಾಗಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಪುಡಿ ಕುಡಿಸಿದವಳು ಅರ್ಧ ತಾಯಿ ಎನ್ನುವವರು ನಮ್ಮ ಮನೆಗೆ ಬಂದು ಅತ್ತೆಯ ಮುಂದೆ ಅದನ್ನು ಹೇಳಲಿ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಹಾಗೆಯೇ, ಕೆಲಸಕ್ಕೆ ಹೋಗುವವಳಿಗೆ ಎದೆಹಾಲಿನ ಹಠ ಯಾಕೆ ಎನ್ನುವವರೂ ಬರಲಿ. ಅವರಿಗೆ ಹೇಳಲು ನನ್ನ ಬಳಿ ಬೇಕಾದಷ್ಟಿದೆ.

ಬಂದ್ ಮುಗಿದ ಮಾರನೆಯ ದಿನ ನಾನು ಆಫೀಸಿಗೆ ಹೋದೆ. ಬೆರಳುಗಳು ಕೀಬೋರ್ಡಿನ ಮೇಲಿದ್ದವು, ಮನಸ್ಸು ಮಲ್ಕಾಜ್‌ಗಿರಿಯ ಅಡುಗೆಮನೆಯಲ್ಲಿ. ಅತ್ತೆ ಕೊನೆಯ ಗಳಿಗೆಯಲ್ಲಿ ಹೆದರಿ ಪಾತೇಲಿ ಒಲೆಗಿಟ್ಟರೆ? ಹಾಗೇ ಕೊಟ್ಟರೂ ಮಗಳು ಉಗುಳಿದರೆ? ಉಗುಳಿದರೆ ಇನ್ನು ಯಾವ ಕಾರಣವೂ ಉಳಿದಿರಲಿಲ್ಲ. ಮ್ಯಾನೇಜರಿಗೆ ಉತ್ತರ ಹೇಳುವ ದಿನವೂ ಅದೇ ಆಗಿತ್ತು.

ಊಟದ ಹೊತ್ತು ದಾಟಿದ ಮೇಲೆ ನನ್ನ ಟೇಬಲ್ಲಿನ ಫೋನು ಬಡಿದುಕೊಂಡಿತು. ಮನೆಯ ನಂಬರು. ಆಫೀಸಿಗೆ ಫೋನು ಮಾಡುವುದೆಂದರೆ ಅತ್ತೆಯ ಲೆಕ್ಕದಲ್ಲಿ ಯಾರೋ ತೀರಿಕೊಂಡಾಗ ಮಾತ್ರ. ಅದುವರೆಗೂ ಅವರು ಒಮ್ಮೆಯೂ ಮಾಡಿರಲಿಲ್ಲ. ತಟಕ್ಕನೆ ಎತ್ತಿಕೊಂಡೆ.

ಆ ಕಡೆಯಿಂದ ಅತ್ತೆಯ ದನಿ ಬಂತು, ಕೂಸು ಏಳಬಾರದೆಂದು ತಗ್ಗಿಸಿದ ದನಿ.

“ಕುಡದ್ಲವಾ. ಹಸೀದ ಕೊಟ್ಟೆ, ಒಂದ ಹನಿ ಉಳಸಲಿಲ್ಲ. ಆಗಿಂದ ಬಾಜೂಕ ಕುಂತ ನೋಡಾಕತ್ತೀನಿ, ಏನೂ ಆಗಿಲ್ಲ, ಛಲೋ ಮಕ್ಕೊಂಡಾಳ. ನಾ ಇಲ್ಲೇ ಕುಂತಿರತೀನಿ. ನೀ ನಿನ್ನ ಕೆಲಸ ನೋಡ.”

ನಾನು ಏನಾದರೂ ಹೇಳುವ ಮುಂಚೆ ಫೋನು ಇಟ್ಟುಬಿಟ್ಟರು. ನಾನು ಕಣ್ಣೊರೆಸಿಕೊಂಡು ಎದ್ದು, ಗಾಜಿನ ಕ್ಯಾಬಿನ್ನಿಗೆ ಹೋಗಿ, ಹೊಸ ಪ್ರಾಜೆಕ್ಟಿಗೆ ನನ್ನ ಹೆಸರು ಹಾಕಿಕೊಳ್ಳಿ ಎಂದೆ. ಮ್ಯಾನೇಜರು ಆಶ್ಚರ್ಯದಿಂದ, ಮತ್ತೇನಾದರೂ ಬೇಕೇ ಎಂದು ಕೇಳಿದರು. ಆ ಮಾನಿಟರು ಕೋಣೆಯ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಸಿ ಎಂದೆ.